ಮೂರನೇ ತರಗತಿಯ ಕೊನೆಯ ಬೆಂಚು

ಕೆಂಗೇರಿ ಉಪನಗರದ ಆಚೆಗೋ ಯಲಹಂಕದ ಆಚೆಗೋ ಸರ್ಜಾಪುರದ ದಾರಿಗೋ ಹೊಸದಾಗಿ ಮನೆ ಬದಲಿಸಿದವರು ನೀರು, ಬಸ್ಸಿನ ವಿಚಾರಣೆ ಮುಗಿದ ಕೂಡಲೇ ಕೇಳುವುದು ಇಲ್ಲಿ ಒಳ್ಳೆಯ ಸ್ಕೂಲ್ ಯಾವುದು ಎಂದು. ಉತ್ತರ ಕೊಡಲು ಯಾರೂ ತಡವರಿಸುವುದಿಲ್ಲ. ಕಿರಾಣಿ ಅಂಗಡಿಯವರು ಹೇಳುತ್ತಾರೆ, ಆಟೊದವರು ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಕೇಳುವುದೇ ತಡ, ಹೆಸರುಗಳ ಸುರಿಮಳೆ. ಆ ಉತ್ತರಗಳನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ನಾಲ್ಕೈದು ಸಂಗತಿ: ಫೀಸು ಎಷ್ಟು, ಕಟ್ಟಡ ಹೇಗಿದೆ, ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದೆಯೇ, ಯಾವ ಬೋರ್ಡು, ಹತ್ತನೇ ತರಗತಿಯಲ್ಲಿ ಎಷ್ಟು ಮಂದಿಗೆ ತೊಂಬತ್ತರ ಮೇಲೆ ಬಂತು. ಆರು ವರ್ಷದ ಮಗುವೊಂದು ಅಲ್ಲಿ ಓದಲು ಕಲಿಯುತ್ತದೆಯೇ ಎಂಬುದನ್ನು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ. ಪ್ರಾಥಮಿಕ ಶಾಲೆಯ ಗುಣಮಟ್ಟ ತಿಳಿಯಬೇಕಾದರೆ ಮೊದಲು ನೋಡಬೇಕಾದದ್ದು ಮೂರನೇ ತರಗತಿಯಲ್ಲಿ ಹಿಂದೆ ಬಿದ್ದ ಮಗುವನ್ನು ಎಂಬುದು ನನ್ನ ವಾದ. ಆ ಮಗು ಶಾಲೆಗೆ ಬಂದಾಗ ಎಲ್ಲಿತ್ತು, ಈಗ ಎಲ್ಲಿದೆ, ಈ ನಡುವೆ ಶಾಲೆ ಅದಕ್ಕಾಗಿ ಏನು ಮಾಡಿತು ಎಂದು ವಿಚಾರಿಸಿದರೆ ಶಾಲೆಯ ಬಗ್ಗೆ ತಿಳಿಯಬೇಕಾದದ್ದರಲ್ಲಿ ಹೆಚ್ಚಿನ ಪಾಲು ತಿಳಿಯುತ್ತದೆ.

ಫಲಿತಾಂಶದಿಂದ ಶಾಲೆಯನ್ನು ಅಳೆಯಬಾರದೇಕೆ? ಮಂಡ್ಯದ ನಾಲೆ ಬಯಲಿನ ಭತ್ತದ ಇಳುವರಿಯನ್ನೂ ಚಿತ್ರದುರ್ಗದ ಮಳೆಯಾಶ್ರಿತ ಹೊಲದ ಇಳುವರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಯಾವ ರೈತ ಜಾಣ ಎಂದು ನಾವು ತೀರ್ಮಾನಿಸುವುದಿಲ್ಲ; ಮೊದಲು ನೀರು ಎಲ್ಲಿಂದ ಬಂತು ಎಂದು ಕೇಳುತ್ತೇವೆ. ಶಾಲೆಯ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಮರೆತುಹೋಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಹೀಗೆ ಮರೆಯುವುದು ಇನ್ನೂ ದೊಡ್ಡ ತಪ್ಪು. ಅಲ್ಲಿನ ಹಳೆಯ ಊರಿನ ನಡುವೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ಇರುತ್ತದೆ. ಸುತ್ತ ಬಡಾವಣೆ ಎದ್ದ ಮೇಲೆ ಊರಿನ ಅನುಕೂಲಸ್ಥರ ಮಕ್ಕಳು ಹಳದಿ ವ್ಯಾನು ಹತ್ತಿ ಖಾಸಗಿ ಶಾಲೆಗಳಿಗೆ ಹೋಗತೊಡಗುತ್ತಾರೆ. ಅವರು ಬಿಟ್ಟ ಜಾಗಕ್ಕೆ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಒಡಿಶಾ, ಬಂಗಾಳ, ನೇಪಾಳದಿಂದ ಬಂದ ಸೆಕ್ಯುರಿಟಿ ಗಾರ್ಡುಗಳ, ಮನೆಗೆಲಸದವರ ಮಕ್ಕಳು ಬರುತ್ತಾರೆ. ಬರುವುದು ಜೂನ್ ತಿಂಗಳಲ್ಲೇ ಎಂದಿಲ್ಲ. ಕಟ್ಟಡ ಮುಗಿದರೆ ಜಾಗ ಬದಲು, ಹಬ್ಬಕ್ಕೆ ಊರಿಗೆ ಹೋದರೆ ತಿಂಗಳುಗಟ್ಟಲೆ ಗೈರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು. ಟಿಸಿ ತಡವಾಯಿತೆಂದು ಹೊರಗಿಡುವಂತಿಲ್ಲ. ಹಾಗಾಗಿ ನವೆಂಬರಿನಲ್ಲಿ ಕನ್ನಡದ ಒಂದಕ್ಷರವೂ ಬಾರದ ಒಂಬತ್ತು ವರ್ಷದ ಹುಡುಗಿ ನೇರ ನಾಲ್ಕನೇ ತರಗತಿಗೆ ಬಂದು ಕೂರುತ್ತಾಳೆ. ಅದೇ ರಸ್ತೆಯ ಖಾಸಗಿ ಶಾಲೆಗೆ ಬರುವ ಮಗುವಿನ ಮನೆಯಲ್ಲಿ ತಂದೆತಾಯಿ ಇಬ್ಬರೂ ಪದವೀಧರರು, ಕಪಾಟಿನ ತುಂಬ ಬಣ್ಣದ ಪುಸ್ತಕಗಳು, ಸಂಜೆ ಟ್ಯೂಷನ್ನು. ಆರು ವರ್ಷದವರನ್ನು ಸೇರಿಸಿಕೊಳ್ಳುವಾಗ ಮಗುವಿಗಾಗಲೀ ತಂದೆತಾಯಿಗಾಗಲೀ ಪರೀಕ್ಷೆ ಒಡ್ಡುವುದನ್ನು ಕಾಯ್ದೆಯ 13ನೇ ಕಲಂ ನಿಷೇಧಿಸಿದ್ದರೂ ಫೀಸೇ ಆ ಪರೀಕ್ಷೆಯ ಕೆಲಸ ಮಾಡುತ್ತದೆ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗಿದ್ದ ಶೇ 25ರ ಮೀಸಲು ಕೂಡ, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿದ್ದರೆ ಬೇಡ ಎಂದು ರಾಜ್ಯ ನಿಯಮ ತಿದ್ದಿದ ಮೇಲೆ, 2019ರಿಂದ ಬಹುಮಟ್ಟಿಗೆ ಹೆಸರಿಗಷ್ಟೇ ಉಳಿದಿದೆ. ಈ ಎರಡು ಶಾಲೆಗಳ ಅಂಕಪಟ್ಟಿ ಹೋಲಿಸಿದರೆ ತಿಳಿಯುವುದು ಮನೆಗಳ ವಿಷಯ.

ಇದು ಅನುಮಾನದ ಮಾತಲ್ಲ, ಅರವತ್ತು ವರ್ಷಗಳ ಪುರಾವೆ ಇದಕ್ಕಿದೆ. ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಲಕ್ಷಾಂತರ ಮಕ್ಕಳ ಸಮೀಕ್ಷೆ ನಡೆದಾಗ, ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಗ್ರಂಥಾಲಯ, ಖರ್ಚಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಕಂಡಿತು. ನ್ಯೂಯಾರ್ಕ್ ನಗರದ ಪ್ರೌಢಶಾಲೆಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಇನ್ನೂ ನೇರವಾಗಿದೆ. ಪೋಷಕರು ಯಾವ ಶಾಲೆಗಳನ್ನು ಬಯಸುತ್ತಾರೆ ಎಂದು ನೋಡಿದರೆ, ಅವರು ಬೆನ್ನುಹತ್ತುವುದು ಈಗಾಗಲೇ ಚೆನ್ನಾಗಿ ಓದುವ ಮಕ್ಕಳಿರುವ ಶಾಲೆಯನ್ನು. ಆ ಮಕ್ಕಳ ಲೆಕ್ಕ ಕಳೆದ ಮೇಲೆ ಶಾಲೆ ತಾನಾಗಿ ಎಷ್ಟು ಕಲಿಸುತ್ತದೆ ಎಂಬುದು ಅವರ ಆಯ್ಕೆಯಲ್ಲಿ ಕಾಣಿಸುವುದೇ ಇಲ್ಲ. ನಮಗೆ ಹತ್ತಿರದ ಸಾಕ್ಷ್ಯ ಅವಿಭಜಿತ ಆಂಧ್ರಪ್ರದೇಶದ್ದು. ಅಲ್ಲಿ 2008ರಲ್ಲಿ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಲಾಟರಿ ಎತ್ತಿ, ಆಯ್ಕೆಯಾದವರ ಖಾಸಗಿ ಶಾಲೆಯ ಖರ್ಚನ್ನು ಯೋಜನೆಯೇ ಭರಿಸಿತು. ಲಾಟರಿಯಾದ್ದರಿಂದ ಎರಡೂ ಕಡೆಯ ಮಕ್ಕಳ ಮನೆಗಳು ಒಂದೇ ಬಗೆಯವು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎರಡು ವರ್ಷ ಕಳೆದ ಮೇಲೂ ನಾಲ್ಕು ವರ್ಷ ಕಳೆದ ಮೇಲೂ ಪರೀಕ್ಷೆ ನಡೆಸಿದರು. ತೆಲುಗಿನಲ್ಲಿ, ಗಣಿತದಲ್ಲಿ ಖಾಸಗಿ ಶಾಲೆಗೆ ಹೋದವರಿಗೂ ಹೋಗದವರಿಗೂ ವ್ಯತ್ಯಾಸವಿರಲಿಲ್ಲ. ಸರ್ಕಾರಿ ಶಾಲೆಗಳ ವೇಳಾಪಟ್ಟಿಯಲ್ಲಿ ಅಷ್ಟಾಗಿ ಇಲ್ಲದಿದ್ದ ಹಿಂದಿಯಲ್ಲಿ ಮಾತ್ರ ಖಾಸಗಿಯವರು ಬಹಳ ಮುಂದಿದ್ದರು. ಖಾಸಗಿ ಪಕ್ಷದವರು ಇಲ್ಲೊಂದು ಸಮಾಧಾನ ಹುಡುಕಬಹುದು, ಅದು ನ್ಯಾಯವೂ ಹೌದು: ಆ ಶಾಲೆಗಳು ಸರ್ಕಾರಿ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ ಅಷ್ಟೇ ಕಲಿಸಿದ್ದವು. ಆದರೆ ಪೋಷಕರ ಕಣ್ಣಿಗೆ ಕಾಣುವ ‘ಖಾಸಗಿ ಮೇಲು’ ಎಂಬ ಅಂತರದಲ್ಲಿ ಹೆಚ್ಚಿನದು ಮಗು ಮನೆಯಿಂದಲೇ ತಂದದ್ದು.

ಹಾಗಾದರೆ ಯಾವ ಶಾಲೆಯಾದರೇನು ಎಂದು ಕೈಚೆಲ್ಲಬಹುದೇ? ಕೋಲ್ಮನ್ ವರದಿಯನ್ನು ಹಾಗೆ ಓದಿದವರಿದ್ದಾರೆ. ಆದರೆ 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್‌ಲಿ ಎಂಬ ಸಂಶೋಧಕರು ಬಡವ ಬಲ್ಲಿದ ಎನ್ನದೆ 29 ದೇಶಗಳ ಪ್ರಾಥಮಿಕ ಶಾಲೆಗಳ ಅಂಕಿಅಂಶ ಕೂಡಿಸಿ ನೋಡಿದಾಗ, ದೇಶ ಬಡವಾದಷ್ಟೂ ಮಕ್ಕಳ ಕಲಿಕೆಯಲ್ಲಿ ಶಾಲೆಯ ಮತ್ತು ಶಿಕ್ಷಕರ ಪಾತ್ರ ದೊಡ್ಡದೆಂದು ಕಂಡಿತು. ಮನೆಯಲ್ಲಿ ಕಲಿಸುವವರಿಲ್ಲದ ಮಗುವಿಗೆ ಕಲಿಕೆ ಸಿಗುವ ಜಾಗ ಶಾಲೆ ಒಂದೇ. ಶಾಲೆಯ ನಿಜವಾದ ಕಸುಬು ಬಯಲಾಗುವುದೂ ಅಂಥ ಮಗುವಿನಲ್ಲೇ. ಜಾಣ ಮಗುವಿನ ಓದಿನಲ್ಲಿ ತಾಯಿಯ ಪಾಲೆಷ್ಟು, ಟ್ಯೂಷನ್ನಿನದೆಷ್ಟು, ಶಾಲೆಯದೆಷ್ಟು ಎಂದು ಬೇರ್ಪಡಿಸಲಾಗದು. ಮನೆಯಲ್ಲಿ ಅಕ್ಷರವಿಲ್ಲದ ಮಗು ಓದತೊಡಗಿದರೆ ಆ ಶ್ರೇಯಸ್ಸಿಗೆ ಬೇರೆ ಪಾಲುದಾರರಿಲ್ಲ.

ಮೂರನೇ ತರಗತಿಯೇ ಏಕೆಂದರೆ, ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ, ಅಲ್ಲಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ನಾಲ್ಕನೇ ತರಗತಿಯ ಪರಿಸರ ಅಧ್ಯಯನದ ಪಾಠವನ್ನು ಕೂಡಿಸಿ ಕೂಡಿಸಿ ಓದುವ ಮಗು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2021ರಲ್ಲಿ ಶುರುವಾದ ನಿಪುಣ್ ಭಾರತ್ ಕಾರ್ಯಕ್ರಮವೂ ಮೂರನೇ ತರಗತಿಯ ಹೊತ್ತಿಗೆ ಓದು, ಬರಹ, ಲೆಕ್ಕದ ಬುನಾದಿ ಮುಗಿಯಬೇಕೆಂದು ಗುರಿ ಇಟ್ಟದ್ದು ಈ ಕಾರಣಕ್ಕೆ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತ ಬಂದಿದೆ. 2024ರ ಸಮೀಕ್ಷೆಯಂತೆ ಗ್ರಾಮೀಣ ಭಾರತದಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 27ರಷ್ಟು. ಐದನೇ ತರಗತಿಗೆ ಬಂದರೂ ಸರ್ಕಾರಿ ಶಾಲೆಗಳಲ್ಲಿ ಸುಮಾರು ಶೇ 45, ಖಾಸಗಿಯಲ್ಲಿ ಸುಮಾರು ಶೇ 59. ಖಾಸಗಿ ಶಾಲೆಯ ಸಂಖ್ಯೆ ಹೆಚ್ಚಿದೆ ಎಂದು ಸಮಾಧಾನಪಡುವ ಮೊದಲು ಅದನ್ನು ತಿರುಗಿಸಿ ಓದಬೇಕು: ಫೀಸು ಕಟ್ಟಿ, ಯೂನಿಫಾರ್ಮು ಟೈ ಹಾಕಿಕೊಂಡು ಐದು ವರ್ಷ ಹೋಗಿಬಂದ ಹತ್ತು ಮಕ್ಕಳಲ್ಲಿ ನಾಲ್ವರಿಗೆ ಎರಡನೇ ತರಗತಿಯ ಕತೆ ಓದಲು ಬರುವುದಿಲ್ಲ. ಆ ನಾಲ್ವರೂ ತರಗತಿಯಿಂದ ತರಗತಿಗೆ ದಾಟಿಯೇ ಬಂದವರು.

ಇನ್ನು ಇದನ್ನು ನೋಡುವುದು ಹೇಗೆ? ಅಸರ್‌ನವರ ಹಾಳೆ ಬಹಳ ಸರಳ. ಅಕ್ಷರ, ಪದ, ನಾಲ್ಕು ವಾಕ್ಯದ ಒಂದು ಪ್ಯಾರಾ, ಒಂದು ಪುಟ್ಟ ಕತೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಎರಡಂಕಿಯ ಸಂಖ್ಯೆ ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮೂರನೇ ತರಗತಿಯ ಕೊನೆಗೆ ಮಗು ಹಿಂದೆಂದೂ ನೋಡದ ಪುಟ್ಟ ಕತೆಯನ್ನು ತಡೆಯಿಲ್ಲದೆ ಓದಿ ಅದರಲ್ಲಿ ಏನಾಯಿತೆಂದು ತನ್ನ ಮಾತಿನಲ್ಲಿ ಹೇಳಬೇಕು, ಒತ್ತಕ್ಷರ ಬಂದಾಗ ನುಂಗಬಾರದು. 52ರಲ್ಲಿ 27 ಕಳೆದರೆ 35 ಎನ್ನಬಾರದು. ಹೊಸಬರಾದ ಪೋಷಕರು ಶಾಲೆಗೆ ಹೋಗಿ ಯಾರದೋ ಮಕ್ಕಳನ್ನು ಹೀಗೆ ಪರೀಕ್ಷಿಸಲಾಗದು, ಪರೀಕ್ಷಿಸಲೂಬಾರದು. ಆದರೆ ನೋಟ್‌ಬುಕ್ಕುಗಳನ್ನು ತೋರಿಸಿ ಎಂದು ಕೇಳಬಹುದು. ಕೇಳುವಾಗ ತರಗತಿಯ ಮೊದಲಿಗನ ಪುಸ್ತಕ ಬೇಡ, ನಿಧಾನವಾಗಿ ಕಲಿಯುವ ಇಬ್ಬರು ಮೂವರ ಪುಸ್ತಕ ಹೆಸರು ಮುಚ್ಚಿ ಕೊಡಿ ಎನ್ನಬೇಕು. ಎಲ್ಲರ ಪುಸ್ತಕದಲ್ಲೂ ಒಂದೇ ಉತ್ತರ, ಒಂದೇ ವಾಕ್ಯ, ಅದೇ ಅಲ್ಪವಿರಾಮ ಇದ್ದರೆ ಅದು ಬೋರ್ಡಿನಿಂದ ಇಳಿಸಿದ ಬರಹ. ಓದಲು ಬಾರದ ಮಗುವೂ ಅದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಬಲ್ಲದು. ಮಗು ತಾನೇ ಯೋಚಿಸಿ ಬರೆದ, ತಪ್ಪಿರುವ ವಾಕ್ಯ ಇದೆಯೇ, ಆ ತಪ್ಪನ್ನು ಶಿಕ್ಷಕರು ಕೆಂಪು ಗೀಟು ಹಾಕಿ ಬಿಟ್ಟರೇ ಅಥವಾ ಬಿಡಿಸಿ ತೋರಿಸಿದರೇ, ಜುಲೈ ತಿಂಗಳ ತಪ್ಪು ಜನವರಿಯಲ್ಲೂ ಉಳಿದಿದೆಯೇ ಎಂದು ಹುಡುಕಬೇಕು. ಪುಟಪುಟಕ್ಕೂ ‘ಗುಡ್’ ಎಂಬ ಮುದ್ರೆ ಬಿದ್ದು ತಪ್ಪುಗಳು ಹಾಗೇ ಉಳಿದಿದ್ದರೆ ಅಲ್ಲಿ ತಿದ್ದುವ ಕೆಲಸ ನಡೆಯುತ್ತಿಲ್ಲ. ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಈ ತರಗತಿಯಲ್ಲಿ ಇನ್ನೂ ಓದಲು ಬಾರದವರು ಎಷ್ಟು ಮಂದಿ, ಅವರಿಗೆ ಏನು ಮಾಡುತ್ತಿದ್ದೀರಿ? ‘ನಮ್ಮಲ್ಲಿ ಅಂಥವರು ಇಲ್ಲವೇ ಇಲ್ಲ’ ಎನ್ನುವ ಶಾಲೆ ಒಂದೋ ಅಂಥ ಮಕ್ಕಳನ್ನು ಸೇರಿಸಿಕೊಂಡಿಲ್ಲ, ಇಲ್ಲವೇ ಗಮನಿಸಿಲ್ಲ. ಆರು ಮಂದಿ ಇದ್ದಾರೆ, ಇಬ್ಬರು ಈ ವರ್ಷ ಬಂದವರು, ದಿನವೂ ಊಟದ ಬಳಿಕ ಅವರನ್ನು ಬೇರೆ ಕೂರಿಸಿ ಓದಿಸುತ್ತೇವೆ ಎನ್ನುವ ಮುಖ್ಯೋಪಾಧ್ಯಾಯರ ಶಾಲೆಯಲ್ಲಿ ನನಗೆ ಹೆಚ್ಚು ನಂಬಿಕೆ. ಇಂಥ ಕೆಲಸ ಫಲ ಕೊಡುತ್ತದೆ ಎಂಬುದಕ್ಕೂ ಪುರಾವೆಯಿದೆ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಮೂರು, ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಸ್ಥಳೀಯ ಯುವತಿಯರು ಕಲಿಸಿದರು. ಆ ‘ಬಾಲಸಖಿ’ಯರು ತರಬೇತಿ ಪಡೆದ ಶಿಕ್ಷಕಿಯರೇನೂ ಆಗಿರಲಿಲ್ಲ. ಆದರೂ ಆ ಶಾಲೆಗಳ ಅಂಕ ಏರಿತು. ಹೆಚ್ಚು ಏರಿದ್ದು ತೀರ ಕೆಳಗಿದ್ದ ಮಕ್ಕಳದು.

ಸರ್ಕಾರಿ ಶಾಲೆ ನೋಡಲು ಹೋದವರು ಒಂದು ವಿಷಯದಲ್ಲಿ ಮೋಸಹೋಗುತ್ತಾರೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿದ್ದಾರೆ, ಒಬ್ಬರೇ ಶಿಕ್ಷಕಿ, ಗಲಾಟೆ ಬೇರೆ. ‘ಮೂರು ಕ್ಲಾಸಿಗೆ ಒಂದೇ ರೂಮು’ ಎಂದು ಮೂಗು ಮುರಿದು ವಾಪಸಾಗುತ್ತಾರೆ. ಅದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಆರಂಭವಾಗಿ ಆಮೇಲೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿದ ಪದ್ಧತಿ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ತನ್ನ ವೇಗದಲ್ಲೇ ಹತ್ತಬೇಕು. ತಿಂಗಳು ಗೈರಾಗಿ ಬಂದ ಮಗು ಬಿಟ್ಟಲ್ಲಿಂದಲೇ ಶುರುಮಾಡಬೇಕು. ಕಟ್ಟಡ ಕಾರ್ಮಿಕರ ಮಕ್ಕಳಿರುವ ನಗರದಂಚಿನ ಶಾಲೆಗೆ ಇದಕ್ಕಿಂತ ಹೊಂದುವ ವಿಚಾರ ಇನ್ನೊಂದಿಲ್ಲ. ಹಾಗೆಂದು ಹೆಸರು ಕೇಳಿಯೇ ಮೆಚ್ಚಬೇಕಿಲ್ಲ. ಪ್ರಗತಿ ನೋಟದ ಹಾಳೆಯಲ್ಲಿ ಎಲ್ಲ ಮಕ್ಕಳ ಗುರುತೂ ಒಂದೇ ಸಾಲಿನಲ್ಲಿ ನಿಂತಿದ್ದರೆ ಅದನ್ನು ಅಧಿಕಾರಿಗಳಿಗಾಗಿ ತುಂಬಿದ್ದಾರೆಂದೇ ತಿಳಿಯಬೇಕು. ಮಕ್ಕಳ ನಡುವೆ ಅಂತರ ಕಾಣಿಸುವ ಹಾಳೆಯೇ ಪ್ರಾಮಾಣಿಕ ಹಾಳೆ. ಗಲಾಟೆಯ ವಿಷಯ ಹೇಳುವುದಾದರೆ, ಏಳು ವರ್ಷದ ಮೂವತ್ತು ಮಕ್ಕಳು ಪಿಟಿಕ್ಕೆನ್ನದೆ ಕೈಕಟ್ಟಿ ಕುಳಿತ ಕೋಣೆಯ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ಶಿಕ್ಷಕರನ್ನು ಅಳೆಯುವಲ್ಲಿ ಅವಸರ ಬೇಡ. 2003ರ ಸುಮಾರಿಗೆ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೇಳದೆ ಭೇಟಿ ಕೊಟ್ಟ ಸಂಶೋಧಕರಿಗೆ ನಾಲ್ವರಲ್ಲಿ ಒಬ್ಬ ಶಿಕ್ಷಕ ಸಿಗಲಿಲ್ಲ. ಆ ಸಂಖ್ಯೆ ಮೇಷ್ಟ್ರುಗಳನ್ನು ಬಯ್ಯಲು ಬಹಳ ವರ್ಷ ಬಳಕೆಯಾಯಿತು. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಕಾರಣಗಳನ್ನೂ ಕೇಳಿತು: ಶಾಲೆಯಲ್ಲಿ ಇಲ್ಲದವರು ಶೇ 18.5, ಆದರೆ ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ರಜೆಯಲ್ಲಿ, ತರಬೇತಿಯಲ್ಲಿ, ಇಲಾಖೆಯ ಬೇರೆ ಕೆಲಸದಲ್ಲಿ. ಮಗುವಿಗೆ ಎರಡೂ ಒಂದೇ ಎನ್ನುವುದು ನಿಜ. ಆದರೆ ತಪ್ಪು ಯಾರದೆಂಬುದು ಬೇರೆಯಾಗುತ್ತದೆ, ಪರಿಹಾರವೂ ಬೇರೆಯಾಗುತ್ತದೆ. ಖಾಸಗಿ ಶಾಲೆಯ ಕಾಯಿಲೆ ಇನ್ನೊಂದು. ಅಲ್ಲಿ ಶಿಕ್ಷಕಿ ದಿನವೂ ಹಾಜರು, ಆದರೆ ಈ ವರ್ಷದವರು ಮುಂದಿನ ವರ್ಷ ಇರುವುದಿಲ್ಲ. ಸಂಬಳ ಸಾಲದೆ, ಮನೆ ದೂರವಾಗಿ, ಎರಡು ಕಿಲೋಮೀಟರು ಆಚೆ ಹೊಸ ಶಾಲೆ ಕರೆದು ನಡುವರ್ಷದಲ್ಲೇ ಹೊರಡುತ್ತಾರೆ. ಒಂದರಿಂದ ಮೂರನೇ ತರಗತಿಗೆ ಪಾಠ ಮಾಡುವವರಲ್ಲಿ ಎರಡು ವರ್ಷದ ಹಿಂದೆಯೂ ಇಲ್ಲೇ ಇದ್ದವರು ಎಷ್ಟು ಮಂದಿ ಎಂಬ ಪ್ರಶ್ನೆ ಈಜುಕೊಳದ ಅಳತೆಗಿಂತ ಉಪಯುಕ್ತ. ಒಂದು ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳೆಂಬುದನ್ನೂ ಕೇಳಬೇಕು. ಕಾಯ್ದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು ಎಂದು ಮೂವತ್ತಕ್ಕೊಬ್ಬರ ಲೆಕ್ಕ ಹಾಕಿದೆ. ಅಮೆರಿಕದ ಟೆನೆಸಿಯಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ತರಗತಿಯವರು 22ರಿಂದ 25 ಮಕ್ಕಳ ತರಗತಿಯವರಿಗಿಂತ ಚೆನ್ನಾಗಿ ಕಲಿತರು. ಹೊರವಲಯದ ಹೆಸರಾಂತ ಶಾಲೆಯಲ್ಲಿ 45 ಮಕ್ಕಳ ಒಂದನೇ ತರಗತಿಗೆ ಲಕ್ಷ ರೂಪಾಯಿ ಕಟ್ಟುವವರು ಊರೊಳಗಿನ ಶಾಲೆಯಲ್ಲಿ 18 ಮಕ್ಕಳಿದ್ದಾರೆಂದು ಮರುಕಪಡುವುದು ವಿಚಿತ್ರ.

ಕಟ್ಟಡ, ಸೌಕರ್ಯ ಏನೂ ಅಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಮಟ್ಟದವರೆಗೆ ಅವು ಎಲ್ಲವೂ ಹೌದು. ಬಾಗಿಲು, ನೀರು ಎರಡೂ ಇರುವ ಶೌಚಾಲಯ, ಕುಡಿಯುವ ನೀರು, ಲಾರಿ ಓಡಾಡುವ ರಸ್ತೆಗೆ ಕಾಂಪೌಂಡು ಇಲ್ಲದ ಶಾಲೆಯನ್ನು ಯಾವ ಪೋಷಕರೂ ಒಪ್ಪಬೇಕಾಗಿಲ್ಲ. ಆ ಮಟ್ಟ ದಾಟಿದ ಮೇಲೆ ಹೆಚ್ಚಿದ ಪ್ರತಿ ಸೌಕರ್ಯವೂ ಕಲಿಕೆಯನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಆಧಾರ ತೆಳು. ಬೋರ್ಡಿನ ಮಾತು ಇನ್ನೂ ಪೊಳ್ಳು. ಸಿಬಿಎಸ್‌ಇ, ಐಸಿಎಸ್‌ಇ ಪರೀಕ್ಷೆಗಳು ಬರುವುದು ಹತ್ತನೇ ತರಗತಿಯಲ್ಲಿ. ಎರಡನೇ ತರಗತಿಯ ಮಗುವಿಗೆ ವ್ಯವಕಲನ ಕಲಿಸುವುದರಲ್ಲಿ ಯಾವ ಬೋರ್ಡಿನ ಪಾತ್ರವೂ ಇಲ್ಲ. ಮೇಲಾಗಿ ಯಾವುದೇ ಶಾಲೆಗೆ ಮೊದಲು ಬೇಕಾದದ್ದು ರಾಜ್ಯ ಸರ್ಕಾರದ ಮಾನ್ಯತೆ. ಫಲಕದ ಮೇಲೆ ಸಿಬಿಎಸ್‌ಇ ಎಂದು ಬರೆದುಕೊಂಡು ಸಂಯೋಜನೆಯನ್ನೇ ಪಡೆಯದ ಶಾಲೆಗಳು ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿವೆ.

ಇಂಗ್ಲಿಷಿನ ಆಕ್ಷೇಪ ಇಷ್ಟು ಹಗುರವಲ್ಲ. ‘ನಿಮ್ಮ ಅಳತೆಯಲ್ಲಿ ಕನ್ನಡ ಶಾಲೆ ಗೆಲ್ಲಬಹುದು, ಆದರೆ ನನ್ನ ಮಗಳಿಗೆ ಕೆಲಸ ಕೊಡುವವರು ಇಂಗ್ಲಿಷ್ ಕೇಳುತ್ತಾರೆ’ ಎನ್ನುವ ತಾಯಿಗೆ ಭಾಷಾಭಿಮಾನದ ಉಪದೇಶ ಮಾಡುವುದು ಸುಲಭ, ನ್ಯಾಯವಲ್ಲ. ಮಾಧ್ಯಮದ ಆಯ್ಕೆ ಪೋಷಕರದೇ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿಯಾಗಿದೆ. ಸರ್ಕಾರವೂ 2019ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಿದೆ. ಆದ್ದರಿಂದ ಕೇಳಬೇಕಾದದ್ದು ಇಂಗ್ಲಿಷ್ ಬೇಕೇ ಬೇಡವೇ ಎಂದಲ್ಲ, ಈ ಶಾಲೆಯಲ್ಲಿ ಇಂಗ್ಲಿಷ್ ನಿಜವಾಗಿ ಬರುತ್ತಿದೆಯೇ ಎಂದು. ಅದಕ್ಕೂ ಅದೇ ಅಳತೆ ಸಾಕು: ಮನೆಯಲ್ಲಿ ಇಂಗ್ಲಿಷ್ ಇಲ್ಲದ, ಮೂರನೇ ತರಗತಿಯ ಮಗು ಪಠ್ಯದಲ್ಲಿ ಇಲ್ಲದ ಎರಡು ಇಂಗ್ಲಿಷ್ ವಾಕ್ಯ ಓದಿ ಅರ್ಥ ಹೇಳುತ್ತದೆಯೇ? ಹೊರವಲಯದ ಅಗ್ಗದ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಪದ್ಯ ಒಪ್ಪಿಸುತ್ತಾರೆ, ‘ಮೇ ಐ ಗೋ ಟು ಟಾಯ್ಲೆಟ್’ ಎನ್ನುತ್ತಾರೆ, ಪ್ರಶ್ನೋತ್ತರ ಉರುಹೊಡೆದು ಬರೆಯುತ್ತಾರೆ. ಒಂದು ಭಾಷೆಯಲ್ಲೂ ಅರ್ಥ ಮಾಡಿಕೊಂಡು ಓದಲು ಬಾರದೆ ಎರಡು ಲಿಪಿಗಳ ನಡುವೆ ಸಿಕ್ಕಿಕೊಂಡ ಮಕ್ಕಳು ಅಲ್ಲಿ ಕಡಿಮೆಯಿಲ್ಲ. ಗೊತ್ತಿರುವ ಭಾಷೆಯಲ್ಲಿ ಓದುವುದೆಂದರೇನು ಎಂಬುದು ಹಿಡಿತಕ್ಕೆ ಸಿಕ್ಕ ಮಗುವಿಗೆ ಎರಡನೇ ಭಾಷೆಯ ಓದು ಬೇಗ ಒಲಿಯುತ್ತದೆ. ಇಂಗ್ಲಿಷ್ ಬೇಕೆನ್ನುವವರೇ ಮೊದಲು ನೋಡಬೇಕಾದದ್ದು ಇದನ್ನು.

ಬಾಯಿಬಿಟ್ಟು ಹೇಳದಿದ್ದರೂ ಹಲವರ ಮನಸ್ಸಿನಲ್ಲಿರುವ ಆಕ್ಷೇಪ ಸಹವಾಸದ್ದು. ನನ್ನ ಮಗು ಕೊನೆಯ ಬೆಂಚಿನದಲ್ಲ, ಹಿಂದುಳಿದವರಿಗೆ ಸಮಯ ಕೊಡುವ ಶಾಲೆಯಲ್ಲಿ ಅದಕ್ಕೆ ನಷ್ಟವಲ್ಲವೇ? ಜೊತೆಯವರ ಪ್ರಭಾವ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಪಶ್ಚಿಮ ಕೀನ್ಯಾದ 121 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ನೋಡಿ. ಅರ್ಧದಷ್ಟು ಶಾಲೆಗಳಲ್ಲಿ ಒಂದನೇ ತರಗತಿಯನ್ನು ಅಂಕದ ಪ್ರಕಾರ ಎರಡು ಸೆಕ್ಷನ್ ಮಾಡಿದರು. ಸಹವಾಸವೇ ಎಲ್ಲವಾಗಿದ್ದರೆ ಕೆಳ ಸೆಕ್ಷನ್ನಿನವರು ಹಾಳಾಗಬೇಕಿತ್ತು. ಅವರೂ ಬೇರೆ ಶಾಲೆಗಳ ಬೆರಕೆ ತರಗತಿಯಲ್ಲಿದ್ದ ತಮ್ಮಂಥವರಿಗಿಂತ ಹೆಚ್ಚು ಕಲಿತರು, ಏಕೆಂದರೆ ಶಿಕ್ಷಕರು ಈಗ ಎದುರಿಗಿದ್ದವರ ಮಟ್ಟಕ್ಕೆ ಪಾಠ ಮಾಡುತ್ತಿದ್ದರು. ಮಕ್ಕಳನ್ನು ಶಾಶ್ವತವಾಗಿ ಹೀಗೆ ವಿಂಗಡಿಸುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಬೇಕಾದದ್ದು ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗಮನಿಸುವ ಶಿಕ್ಷಕರ ತೂಕ ಎಷ್ಟೆಂಬ ಅಂಶ ಮಾತ್ರ. ಹಿಂದಿರುವವರ ಲೆಕ್ಕ ಇಡುವ ತರಗತಿಯಲ್ಲಿ ಮುಂದಿರುವವರ ಲೆಕ್ಕವೂ ಇರುತ್ತದೆ. ಕೊನೆಯ ಬೆಂಚು ಯಾರ ಹೆಸರಿಗೂ ಬರೆದಿಟ್ಟ ಜಾಗವೂ ಅಲ್ಲ. ಎರಡು ತಿಂಗಳ ಜ್ವರ, ಮನೆ ಬದಲಾವಣೆ, ಕನ್ನಡಕ ಬೇಕೆಂದು ಯಾರಿಗೂ ಹೊಳೆಯದ ಕಣ್ಣು, ಇಷ್ಟರಿಂದ ಯಾವ ಮಗುವೂ ಅಲ್ಲಿಗೆ ಹೋಗಬಹುದು.

ಇದೆಲ್ಲ ಇಲಾಖೆಯ ಕೆಲಸ, ಪೋಷಕರೇಕೆ ಇನ್‌ಸ್ಪೆಕ್ಟರ್ ಆಗಬೇಕು ಎಂಬ ಪ್ರಶ್ನೆ ಸರಿಯಾದದ್ದೇ. ಇಲಾಖೆಯ ಬಳಿ ಮಾಹಿತಿಗೆ ಕೊರತೆಯಿಲ್ಲ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆಯಿದೆ. ಅದನ್ನಿಟ್ಟು ಹುಡುಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರು, ಕೋಣೆ, ಶೌಚಾಲಯದ ವಿವರ ಯಾರಿಗೂ ಸಿಗುತ್ತದೆ. ಅರ್ಜಿ ಹಾಕುವ ಮೊದಲು ಒಮ್ಮೆ ನೋಡಿದರೆ ಶಾಲೆಯ ಕರಪತ್ರದ ಎಷ್ಟೋ ಮಾತಿನ ಬಣ್ಣ ಬಯಲಾಗುತ್ತದೆ. ಅದರಲ್ಲಿ ಇಲ್ಲದ್ದು ಕಲಿಕೆಯೊಂದೇ. ಕೇಂದ್ರ 2021ರಲ್ಲಿ ನಡೆಸಿದ ಸಾಧನಾ ಸಮೀಕ್ಷೆಯೂ 2024ರ ಡಿಸೆಂಬರಿನ ‘ಪರಖ್’ ಸಮೀಕ್ಷೆಯೂ ಮೂರನೇ ತರಗತಿಯನ್ನು ಪರೀಕ್ಷಿಸಿದವು, ಆದರೆ ಫಲಿತಾಂಶ ಜಿಲ್ಲೆಯ ಮಟ್ಟಕ್ಕೆ ನಿಂತಿತು. ಅಸರ್ ಹಳ್ಳಿಗಳನ್ನು ಮಾತ್ರ ನೋಡುತ್ತದೆ. ಪಾಲಿಕೆಯ ಎಲ್ಲೆಯೊಳಗೆ ಸೇರಿಹೋದ ಹಳ್ಳಿ ಈ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಹಾಗೆಂದು ಶಾಲೆಗಳಿಗೆ ಎ, ಬಿ, ಸಿ ಎಂದು ದರ್ಜೆ ಕೊಟ್ಟು ಗೇಟಿಗೆ ಅಂಟಿಸಿ ಎನ್ನುವವರ ಜೊತೆ ನಾನಿಲ್ಲ. ಇಂಗ್ಲೆಂಡಿನ ಆಫ್‌ಸ್ಟೆಡ್ ಸಂಸ್ಥೆ ತನಿಖೆ ಮಾಡಿ ಇಡೀ ಶಾಲೆಗೆ ಒಂದೇ ಪದದ ತೀರ್ಪು ಕೊಡುತ್ತಿತ್ತು. ಮುಖ್ಯೋಪಾಧ್ಯಾಯಿನಿಯೊಬ್ಬರ ಆತ್ಮಹತ್ಯೆಗೆ ತನಿಖೆಯೂ ಕಾರಣವಾಯಿತೆಂದು ಅಲ್ಲಿನ ಮರಣವಿಚಾರಣೆಯಲ್ಲಿ ತೀರ್ಮಾನವಾದ ಬಳಿಕ, 2024ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯನ್ನೇ ಕೈಬಿಡಲಾಯಿತು. ಒಂದು ಸಂಖ್ಯೆಯ ಮೇಲೆ ಶಾಲೆಯ ಮಾನ ನಿಂತರೆ ಸಂಖ್ಯೆಯನ್ನು ತಿದ್ದುವ ದಾರಿ ಹುಡುಕುವುದು ಸಹಜ. ನಾನು ಹೇಳುತ್ತಿರುವ ಅಳತೆಯೂ ಇದಕ್ಕೆ ಹೊರತಲ್ಲ: ಕೊನೆಯ ಬೆಂಚಿಗೆ ಅಂಕ ಇಟ್ಟರೆ ಆ ಮಕ್ಕಳನ್ನು ಸೇರಿಸಿಕೊಳ್ಳದಿರುವುದೇ ಅಂಕ ಗಳಿಸುವ ಉಪಾಯವಾಗುತ್ತದೆ. ಆದ್ದರಿಂದ ಪ್ರಕಟಿಸುವುದಾದರೆ ಇವಿಷ್ಟನ್ನೂ ಒಟ್ಟಿಗೆ ಪ್ರಕಟಿಸಬೇಕು: ಬಂದಾಗ ಮಕ್ಕಳ ಮಟ್ಟ, ಮೂರನೆಯ ತರಗತಿಯ ಕೊನೆಗೆ ಮಟ್ಟ, ನಡುವೆ ಎಷ್ಟು ಮಂದಿ ಬಂದರು, ಎಷ್ಟು ಮಂದಿ ಬಿಟ್ಟರು. ಸರ್ಕಾರಿ, ಖಾಸಗಿ ಎರಡಕ್ಕೂ ಇದೇ ನಿಯಮ ಇರಬೇಕು. ಹಾಳೆ ಹಿಡಿದು ಓದಿಸಿದರೆ ಒಂದು ತರಗತಿಗೆ ಅರ್ಧ ದಿನದ ಕೆಲಸ.

ಅಲ್ಲಿಯವರೆಗೆ ಪೋಷಕರೇ ಮಾಡಬಹುದಾದದ್ದು ಕಡಿಮೆಯೇನಲ್ಲ. ಖಾಸಗಿ ಶಾಲೆಯವರು ಸುರಕ್ಷತೆಯ ಕಾರಣ ಹೇಳಿ ತರಗತಿಯೊಳಗೆ ಬಿಡದಿದ್ದರೆ ಅದನ್ನು ತಪ್ಪೆನ್ನಲಾಗದು. ನೋಟ್‌ಬುಕ್ಕನ್ನು ಆಫೀಸಿಗೇ ತರಿಸಿ ನೋಡಬಹುದು, ಸಂಜೆ ಗೇಟಿನ ಬಳಿ ಮೂರನೇ ತರಗತಿಯ ಮಕ್ಕಳಿಗಾಗಿ ಕಾಯುವ ಅಮ್ಮಂದಿರನ್ನು ‘ಟ್ಯೂಷನ್ನಿಗೆ ಕಳಿಸುತ್ತೀರಾ’ ಎಂದು ವಿಚಾರಿಸಬಹುದು. ಅಷ್ಟು ಫೀಸು ಕೊಟ್ಟೂ ಹೆಚ್ಚಿನವರು ಕಳಿಸುತ್ತಿದ್ದರೆ ಕಲಿಸುವ ಕೆಲಸ ಎಲ್ಲಿ ನಡೆಯುತ್ತಿದೆ ಎಂಬುದು ಗೊತ್ತಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಬಾಗಿಲು ಇನ್ನೂ ಅಗಲ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ನಮ್ಮಲ್ಲಿ ಅದು ಎಸ್‌ಡಿಎಂಸಿ. ಬಹಳ ಕಡೆ ಅದರ ಸಭೆಯಲ್ಲಿ ಕಾಂಪೌಂಡು, ಬಣ್ಣ, ಸ್ವಾತಂತ್ರ್ಯ ದಿನದ ಸಿಹಿಯ ಚರ್ಚೆ ಮುಗಿದರೆ ಸಭೆ ಮುಗಿಯಿತು. ಮೂರನೇ ತರಗತಿಯಲ್ಲಿ ಓದಲು ಬಾರದವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಮುಂದಿನ ಸಭೆಯ ನಡಾವಳಿಯಲ್ಲಿ ಮೊದಲ ವಿಷಯವಾಗಿ ಬರೆಸಿ, ಮೂರು ತಿಂಗಳ ನಂತರದ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ.